ಗುಜರಿಯಿಂದ ಗಗನಕ್ಕೆ

ಶಿವಗಂಗೆಯ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ಮಾತನ್ನು ಕೇಳದ ಮನೆ ಬೆಂಗಳೂರಿನ ಸೀಮೆಯಲ್ಲಿ ವಿರಳ. ಬೆಣ್ಣೆ ಕಾದು ತುಪ್ಪವಾಗುವುದು ಲೋಕನಿಯಮ. ತುಪ್ಪ ಹಿಂದಿರುಗಿ ಬೆಣ್ಣೆಯಾಗುವುದು ಆ ಬೆಟ್ಟದ ದೇವರ ಮಹಿಮೆ ಎಂದು ಭಕ್ತರು ನಂಬುತ್ತಾರೆ. ಕಾದು ಕರಗಿ ಮುಗಿದದ್ದನ್ನು ಮರಳಿ ಮೊದಲಿನ ರೂಪಕ್ಕೆ ತರುವುದು ಮನುಷ್ಯನ ಕೈಯಲ್ಲಾಗುವ ಕೆಲಸವಲ್ಲವೆಂಬುದೇ ಆ ನಂಬಿಕೆಯ ತಿರುಳು.

ಆದರೆ ಅದೇ ಬೆಟ್ಟದಿಂದ ಆಗ್ನೇಯ ದಿಕ್ಕಿಗೆ, ನೇರ ದಾರಿಯಲ್ಲಿ ಸುಮಾರು ಮೂವತ್ತೈದು ಮೈಲಿ ದೂರದಲ್ಲಿ, ಇದನ್ನು ಹೋಲುವ ಕೆಲಸವೊಂದು ಮನುಷ್ಯರ ಕೈಯಿಂದಲೇ ನಡೆಯಿತು. ಇನ್ನೆಂದಿಗೂ ಹಾರಬಾರದೆಂದು ಬೇಕೆಂದೇ ಒಡೆದು, ಬಯಲಿನಲ್ಲಿ ಬಿಸುಟು ಹೋಗಿದ್ದ ಯುದ್ಧ ವಿಮಾನಗಳು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಮತ್ತೆ ವಿಮಾನಗಳಾದವು. ಒಂದಲ್ಲ, ಎರಡಲ್ಲ, ಸುಮಾರು ನಲವತ್ತು. ಅವು ಇಪ್ಪತ್ತು ವರ್ಷ ಭಾರತದ ಆಕಾಶದಲ್ಲಿ ಹಾರಿದವು. ಕೊನೆಗೆ, ಅವನ್ನು ಕಟ್ಟಿದ ದೇಶವೂ ಅವನ್ನು ಒಡೆದ ದೇಶವೂ ತಮ್ಮ ವಸ್ತುಸಂಗ್ರಹಾಲಯಗಳಿಗಾಗಿ ಅವನ್ನೇ ಅರಸಿಕೊಂಡು ಭಾರತಕ್ಕೆ ಬರಬೇಕಾಯಿತು.

ಈ ಕಥೆಯ ಸ್ವಾರಸ್ಯ ತಿಳಿಯಬೇಕಾದರೆ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ವಿಮಾನಗಳ ಒಡಹುಟ್ಟುಗಳಿಗೆ ಜಗತ್ತಿನ ಬೇರೆಡೆಗಳಲ್ಲಿ ಯಾವ ಗತಿ ಒದಗಿತೆಂಬುದನ್ನು ಮೊದಲು ನೋಡಬೇಕು.

ಹಾರುವ ಗೂಡ್ಸ್ ಬೋಗಿ

ಆ ವಿಮಾನದ ಹೆಸರು ‘ಲಿಬರೇಟರ್’, ಎಂದರೆ ವಿಮೋಚಕ. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ರೂಪಿಸಿದ ಈ ನಾಲ್ಕು ಎಂಜಿನ್ನುಗಳ ಬಾಂಬರ್ ವಿಮಾನ ಮೊದಲು ಹಾರಿದ್ದು 1939ರ ಡಿಸೆಂಬರಿನಲ್ಲಿ. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ, ಮೂಗಿನಿಂದ ಬಾಲದವರೆಗೆ 67 ಅಡಿ. ಒಂದೊಂದು ಎಂಜಿನ್ನಿಗೂ ಹದಿನಾಲ್ಕು ಸಿಲಿಂಡರು, 1,200 ಅಶ್ವಶಕ್ತಿ. ಎಂಟರಿಂದ ಹತ್ತು ಮಂದಿ ಸಿಬ್ಬಂದಿ ಅದರಲ್ಲಿ ಕುಳಿತು ಸಾವಿರಾರು ಮೈಲಿ ಹೋಗಿ ಬರುತ್ತಿದ್ದರು. ಬಾಂಬುಗಳನ್ನಿಡುವ ಕೋಣೆಯ ಬಾಗಿಲು ಅಂಗಡಿಯ ಸುರುಳಿ ಷಟರಿನಂತೆ ಪಕ್ಕಕ್ಕೆ ಸುತ್ತಿಕೊಳ್ಳುತ್ತಿತ್ತು. ಚೆಲುವಿನ ವಿಮಾನವೆಂದು ಅದನ್ನು ಯಾರೂ ಹೊಗಳಲಿಲ್ಲ. ಚಪ್ಪಟೆ ಪಕ್ಕಗಳ ಆ ದಪ್ಪ ಒಡಲನ್ನು ಕಂಡು ವೈಮಾನಿಕರೇ ಅದನ್ನು ‘ಹಾರುವ ಗೂಡ್ಸ್ ಬೋಗಿ’ ಎಂದು ಹಾಸ್ಯ ಮಾಡುತ್ತಿದ್ದರು.

ಚೆಲುವಿಲ್ಲದಿದ್ದರೂ ಅಷ್ಟು ದೂರ ಹೋಗಬಲ್ಲ ಬಾಂಬರ್ ಆಗ ಮತ್ತೊಂದು ಹೆಚ್ಚು ಇರಲಿಲ್ಲ. ಆದಕಾರಣ ಯುದ್ಧಕಾಲದಲ್ಲಿ 18,000ಕ್ಕಿಂತ ಹೆಚ್ಚು ಲಿಬರೇಟರುಗಳು ತಯಾರಾದವು. ಅಮೆರಿಕದಲ್ಲಿ ಬೇರೆ ಯಾವ ಯುದ್ಧ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಲಿಲ್ಲ. ಬ್ರಿಟಿಷರ ವಾಯುಪಡೆಯೂ ಇವನ್ನು ಪಡೆದು, ಬಂಗಾಳದ ವಿಮಾನನೆಲೆಗಳಿಂದ ಬರ್ಮಾ, ಸಯಾಂ, ಮಲಯ ದೇಶಗಳಲ್ಲಿದ್ದ ಜಪಾನೀಯರ ಮೇಲೆ ದಾಳಿ ನಡೆಸಿತು. ಕನ್ನಡನಾಡಿಗೂ ಇದು ತೀರ ಅಪರಿಚಿತ ಹಕ್ಕಿಯಲ್ಲ. ಬ್ರಿಟಿಷ್ ವೈಮಾನಿಕರಿಗೆ ಲಿಬರೇಟರ್ ಹಾರಿಸುವ ತರಬೇತಿಯನ್ನು ಯುದ್ಧದ ಕೊನೆಯ ವರ್ಷಗಳಲ್ಲಿ ಕೋಲಾರದ ವಿಮಾನನೆಲೆಯಲ್ಲಿ ಕೊಡಲಾಗುತ್ತಿತ್ತು.

ಯುದ್ಧ ಮುಗಿದದ್ದೇ ತಡ, ಇಷ್ಟೊಂದು ವಿಮಾನಗಳು ಯಾರಿಗೂ ಬೇಡವಾದವು. ಅಮೆರಿಕದ ಅರಿಜೋನ ಪ್ರಾಂತ್ಯದ ಕಿಂಗ್‌ಮನ್ ಎಂಬ ಒಂದೇ ಊರಿನ ಬಯಲಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಯುದ್ಧ ವಿಮಾನಗಳನ್ನು ಸಾಲಾಗಿ ನಿಲ್ಲಿಸಲಾಯಿತು. ಕೆಲವು ವರ್ಷಗಳಲ್ಲೇ ಅವುಗಳ ರೆಕ್ಕೆಗಳನ್ನು ಕತ್ತರಿಸಿ, ಒಡಲನ್ನು ಕುಲುಮೆಗೆ ಹಾಕಿ, ಅಲ್ಯೂಮಿನಿಯಂ ಗಟ್ಟಿಗಳನ್ನಾಗಿ ಎರಕ ಹೊಯ್ದರು. ಕಾರ್ಖಾನೆಯಿಂದ ನೇರವಾಗಿ ಬಂದು ಒಂದು ದಿನವೂ ಯುದ್ಧವನ್ನು ಕಾಣದಿದ್ದ ವಿಮಾನಗಳು ಕೂಡ ಆ ಕುಲುಮೆಯ ಪಾಲಾದವು. ತಮ್ಮನ್ನು ಕಟ್ಟಿದ ನೆಲದಲ್ಲಿಯೇ ಲಿಬರೇಟರುಗಳು ಹೀಗೆ ಹೇಳಹೆಸರಿಲ್ಲದಂತಾದವು. ಅದಕ್ಕಿಂತ ಮುಂಚೆಯೇ ಮನುಷ್ಯ ಸುಳಿಯದ ಸ್ಥಳಗಳಲ್ಲಿ ಬಿದ್ದು ಕಣ್ಮರೆಯಾದವುಗಳದು ಬೇರೊಂದು ಕಥೆ.

ಮರಳಿನಲ್ಲಿ ಉಳಿದದ್ದು

1943ರ ಏಪ್ರಿಲ್ 4ರಂದು ಆಫ್ರಿಕದ ಲಿಬಿಯಾದಲ್ಲಿರುವ ಸೊಲೂಕ್ ನೆಲೆಯಿಂದ ಲಿಬರೇಟರುಗಳ ತಂಡವೊಂದು ಇಟಲಿಯ ನೇಪಲ್ಸ್ ನಗರದ ಮೇಲಿನ ದಾಳಿಗೆ ಹೊರಟಿತು. ಅವುಗಳಲ್ಲಿ ಒಂದರ ಹೆಸರು ‘ಲೇಡಿ ಬಿ ಗುಡ್’. ಒಂಬತ್ತು ಮಂದಿಯ ಸಿಬ್ಬಂದಿಗೆ ಅದು ಮೊದಲನೆಯ ದಾಳಿ. ಹಿಂದಿರುಗುವಾಗ ರಾತ್ರಿಯಾಗಿತ್ತು. ಕತ್ತಲೆಯಲ್ಲಿ ತಮ್ಮ ನೆಲೆಯ ಮೇಲೆಯೇ ಹಾದುಹೋದದ್ದು ಅವರ ಅರಿವಿಗೆ ಬರಲಿಲ್ಲ. ಇನ್ನೂ ಸಮುದ್ರದ ಮೇಲೆಯೇ ಇದ್ದೇವೆಂದು ಭಾವಿಸಿ ಗಂಟೆಗಟ್ಟಲೆ ಮರುಭೂಮಿಯ ಒಳಕ್ಕೆ ಹಾರುತ್ತ ಹೋದರು. ಪೆಟ್ರೋಲು ತೀರುತ್ತ ಬಂದಾಗ ಒಂಬತ್ತು ಮಂದಿಯೂ ಪ್ಯಾರಾಷೂಟು ಕಟ್ಟಿಕೊಂಡು ಕೆಳಗೆ ಧುಮುಕಿದರು. ಚಾಲಕನಿಲ್ಲದ ವಿಮಾನ ತಾನಾಗಿಯೇ ಇನ್ನಷ್ಟು ಮೈಲಿ ಹಾರಿ, ಮರಳಿನ ಮೇಲೆ ಹೊಟ್ಟೆಯೂರಿ ಜಾರಿ ನಿಂತಿತು.

ಹದಿನೈದು ವರ್ಷಗಳ ಮೇಲೆ, 1958ರಲ್ಲಿ, ಎಣ್ಣೆಯ ನಿಕ್ಷೇಪಗಳನ್ನು ಹುಡುಕುತ್ತಿದ್ದವರ ಕಣ್ಣಿಗೆ ಅದು ಬಿದ್ದಿತು. ಮರುವರ್ಷ ಶೋಧಕರು ಹತ್ತಿರ ಹೋಗಿ ನೋಡಿದಾಗ ವಿಮಾನ ಹೆಚ್ಚುಕಡಿಮೆ ಇದ್ದಂತೆಯೇ ಇದ್ದಿತು. ಮೆಷಿನ್ ಗನ್ನು ಕೆಲಸ ಮಾಡುತ್ತಿತ್ತು. ರೇಡಿಯೋ ಕೂಡ ಹಾಳಾಗಿರಲಿಲ್ಲ. ಒಳಗೆ ಕುಡಿಯುವ ನೀರೂ ಉಳಿದಿದ್ದಿತು. ಆದರೆ ಮನುಷ್ಯರ ಸುಳಿವಿಲ್ಲ.

1960ರಲ್ಲಿ ಎಂಟು ಮಂದಿಯ ಅವಶೇಷಗಳು ಒಂದೊಂದಾಗಿ ದೊರೆತವು. ಸಮುದ್ರ ಹತ್ತಿರವೇ ಇರಬೇಕೆಂದು ನಂಬಿ ಅವರಲ್ಲಿ ಹೆಚ್ಚಿನವರು ಉತ್ತರ ದಿಕ್ಕಿಗೆ ನಡೆದಿದ್ದರು. ಕೈಯಲ್ಲಿದ್ದದ್ದು ಅರ್ಧ ಸೀಸೆಯಷ್ಟು ನೀರು. ಆ ಉರಿಬಿಸಿಲಿನಲ್ಲಿ ಎಂಬತ್ತು ಮೈಲಿಯಷ್ಟು ದೂರ ನಡೆದ ಮೇಲೆ ಹಲವರು ಕುಸಿದರು. ಒಬ್ಬಿಬ್ಬರು ಅದಕ್ಕಿಂತಲೂ ಮುಂದಕ್ಕೆ ಹೋಗಿ ಬಿದ್ದರು. ನೀರೂ ರೇಡಿಯೋ ಇದ್ದ ವಿಮಾನ ಅವರು ಧುಮುಕಿದ ಸ್ಥಳದಿಂದ ದಕ್ಷಿಣಕ್ಕೆ ಕೆಲವೇ ಮೈಲಿ ದೂರದಲ್ಲಿ ನಿಂತಿದ್ದಿತು. ಯಂತ್ರಕ್ಕೆ ಮರುಭೂಮಿ ಕೇಡು ಮಾಡಲಿಲ್ಲ. ಮನುಷ್ಯರನ್ನು ಎಂಟು ದಿನಗಳಲ್ಲಿ ಮುಗಿಸಿತು. ಆ ವಿಮಾನದ ಕಳೇಬರವನ್ನು 1994ರಲ್ಲಿ ಲಿಬಿಯಾದವರು ಮರಳಿನಿಂದ ಎತ್ತಿ ತಮ್ಮ ಸೈನಿಕ ನೆಲೆಗೆ ಸಾಗಿಸಿದರು.

ಕಾಡು ನುಂಗಿದ್ದು

ಮರಳು ಕಾಪಾಡಿದ್ದನ್ನು ಕಾಡು ಕಾಪಾಡದು. ಭಾರತದ ಈಶಾನ್ಯ ಮೂಲೆಯಲ್ಲಿ ಇದಕ್ಕೆ ಬೇಕಾದಷ್ಟು ಸಾಕ್ಷಿಗಳಿವೆ.

ಜಪಾನೀಯರು ಬರ್ಮಾವನ್ನು ಹಿಡಿದು ಚೀನಕ್ಕೆ ಹೋಗುವ ರಸ್ತೆಯನ್ನು ಕಡಿದ ಮೇಲೆ, 1942ರಿಂದ 1945ರವರೆಗೆ ಅಸ್ಸಾಮಿನ ವಿಮಾನನೆಲೆಗಳಿಂದ ಚೀನದ ಕುನ್ಮಿಂಗಿಗೆ ಸಾಮಗ್ರಿಯನ್ನೆಲ್ಲ ವಿಮಾನಗಳೇ ಹೊತ್ತವು. ನಡುವೆ ಅಡ್ಡಲಾಗಿ ಹಿಮಾಲಯದ ಪೂರ್ವದ ಶ್ರೇಣಿಗಳು. ವೈಮಾನಿಕರು ಇವಕ್ಕೆ ಇಟ್ಟ ಹೆಸರು ‘ಹಂಪ್’, ಎಂದರೆ ಗೂನು. ಬೆಂಗಳೂರಿನವರು ಏದುಸಿರು ಬಿಡುತ್ತ ಹತ್ತುವ ಶಿವಗಂಗೆಯ ಶಿಖರ ಸಮುದ್ರಮಟ್ಟದಿಂದ ಸುಮಾರು 4,500 ಅಡಿ. ಆ ಗೂನಿನ ಬೆನ್ನು ಅದರ ಮೂರರಷ್ಟು ಎತ್ತರ, ಕೆಲವೆಡೆ ಅದಕ್ಕೂ ಹೆಚ್ಚು. ಮೇಲೆ ಹಿಮದ ಗಾಳಿ, ಕೆಳಗೆ ಮೋಡ ಮುಚ್ಚಿದ ಕಣಿವೆ. ಆ ದಾರಿಯಲ್ಲಿ ಕಳೆದುಹೋದ ವಿಮಾನಗಳು ಸುಮಾರು 600. ಹವೆ ತಿಳಿಯಾಗಿದ್ದ ದಿನ, ಕೆಳಗೆ ಬಿದ್ದ ವಿಮಾನಗಳ ತಗಡು ಬಿಸಿಲಿಗೆ ಮಿನುಗುವುದನ್ನೇ ಗುರುತಾಗಿಟ್ಟುಕೊಂಡು ಹಾರಬಹುದಿತ್ತೆಂದು ವೈಮಾನಿಕರು ಹೇಳುತ್ತಿದ್ದರು. ಅವರು ಆ ದಾರಿಯನ್ನು ‘ಅಲ್ಯೂಮಿನಿಯಂ ಹಾದಿ’ ಎಂದೂ ಕರೆದರು.

1944ರ ಜನವರಿ 25ರಂದು ಕುನ್ಮಿಂಗಿನಿಂದ ಅಸ್ಸಾಮಿನ ಚಾಬುವಾಕ್ಕೆ ಹೊರಟ ‘ಹಾಟ್ ಆಸ್ ಹೆಲ್’ ಎಂಬ ಲಿಬರೇಟರು ಎಂಟು ಮಂದಿಯೊಡನೆ ಮೋಡದಲ್ಲಿ ಮರೆಯಾಯಿತು. ಅರುವತ್ತು ವರ್ಷ ಕಳೆದರೂ ಮನೆಯವರಿಗೆ ತಿಳಿದದ್ದು ‘ನಾಪತ್ತೆ’ ಎಂಬ ಒಂದೇ ಮಾತು. 2006ರಲ್ಲಿ ಅಮೆರಿಕದ ಪರ್ವತಾರೋಹಿ ಕ್ಲೇಟನ್ ಕೂಲ್ಸ್ ಎಂಬವರು ಸ್ಥಳೀಯ ಬೇಟೆಗಾರರ ಬೆನ್ನು ಹಿಡಿದು, ಅರುಣಾಚಲ ಪ್ರದೇಶದ ದಾಮ್ರೋ ಗ್ರಾಮದ ಮೇಲಣ ಕಾಡಿನಲ್ಲಿ ಅದರ ಚೂರುಗಳನ್ನು ಕಂಡರು. ಹಳ್ಳಿಗರಿಗೆ ಅದು ಹೊಸ ಸುದ್ದಿಯಲ್ಲ. ಆ ಸೀಮೆಯ ಅನೇಕ ಊರುಗಳಲ್ಲಿ ಬಿದ್ದ ವಿಮಾನಗಳ ಲೋಹ ಎಂದೋ ಪಾತ್ರೆ ಪದಾರ್ಥಗಳಾಗಿ, ಕತ್ತಿಗಳಾಗಿ ಮನೆಯೊಳಕ್ಕೆ ಬಂದಿತ್ತು. ಕಾಡು ಬಿಟ್ಟದ್ದನ್ನು ಮನುಷ್ಯರು ಬಳಸಿಕೊಂಡಿದ್ದರು.

ಅಲ್ಲಿ ದೊರೆತ ಅಸ್ಥಿಗಳನ್ನು 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಸೈನಿಕ ಗೌರವದೊಡನೆ ಅಮೆರಿಕಕ್ಕೆ ಕಳಿಸಿಕೊಡಲಾಯಿತು. ಅವು ಜಾರ್ಜಿಯಾ ಪ್ರಾಂತ್ಯದ ಒಬ್ಬ ತರುಣ ಲೆಫ್ಟಿನೆಂಟನವೆಂದು ಪರೀಕ್ಷೆಯಿಂದ ನಿಶ್ಚಯವಾದ ಮೇಲೆ, 2017ರಲ್ಲಿ ಅವನನ್ನು ಹುಟ್ಟೂರಿನಲ್ಲಿ ಮಣ್ಣುಮಾಡಿದರು. ಮನೆ ಬಿಟ್ಟು ಹೋದ ಮಗ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಮನೆಗೆ ಬಂದನು; ಅವನ ದಾರಿ ಕಾದ ತಂದೆತಾಯಿಗಳು ಮಾತ್ರ ಉಳಿದಿರಲಿಲ್ಲ. ಹಂಪ್ ಹಾದಿಯ ನೆನಪಿಗಾಗಿ 2023ರಲ್ಲಿ ಅರುಣಾಚಲದ ಪಾಸಿಘಾಟಿನಲ್ಲಿ ಒಂದು ವಸ್ತುಸಂಗ್ರಹಾಲಯವೂ ತೆರೆಯಿತು.

ಕಾನ್ಪುರದ ಬಯಲು

ಆಕಸ್ಮಿಕದಿಂದ ಸತ್ತ ವಿಮಾನಗಳ ಪಾಡು ಇದಾದರೆ, ಕೈಯಾರೆ ಕೊಂದ ವಿಮಾನಗಳ ಪಾಡು ಮತ್ತೊಂದು.

ಬ್ರಿಟಿಷ್ ವಾಯುಪಡೆಯ ಲಿಬರೇಟರುಗಳು ಬ್ರಿಟನ್ನಿನ ಸೊತ್ತಾಗಿರಲಿಲ್ಲ. ಅಮೆರಿಕ 1941ರಲ್ಲಿ ಮಾಡಿದ ‘ಲೆಂಡ್ ಲೀಸ್’ ಕಾನೂನಿನಂತೆ ಅವು ಸಾಲವಾಗಿ ಬಂದ ಸರಕು. ಯುದ್ಧ ಮುಗಿದ ಮೇಲೆ ಅವನ್ನು ಹಿಂದಕ್ಕೆ ಕೊಡಬೇಕು. ಇಟ್ಟುಕೊಳ್ಳುವುದಾದರೆ ಬೆಲೆ ತೆರಬೇಕು. ಬೆಲೆ ತೆರಲು ಬ್ರಿಟನ್ನಿನ ಬೊಕ್ಕಸದಲ್ಲಿ ಹಣವಿಲ್ಲ. ಹಿಂದಕ್ಕೆ ಪಡೆಯಲು ಅಮೆರಿಕಕ್ಕೆ ಮನಸ್ಸಿಲ್ಲ. ಅಲ್ಲಿ ಇದ್ದವನ್ನೇ ಕರಗಿಸುವ ಕೆಲಸ ನಡೆದಿತ್ತು. ಉಳಿದ ದಾರಿ ಒಂದೇ: ಮತ್ತೆ ಯಾರೂ ಬಳಸದಂತೆ ಹಾಳುಗೆಡವುವುದು.

ಹೀಗಾಗಿ ಭಾರತದಲ್ಲಿದ್ದ ಲಿಬರೇಟರುಗಳು ಕಾನ್ಪುರದ ಚಕೇರಿ ವಿಮಾನನೆಲೆಗೆ ಹಾರಿ ಬಂದು ಸಾಲುಗಟ್ಟಿ ನಿಂತವು. ಆಮೇಲೆ ಅವುಗಳ ಮೇಲೆ ಕೈ ಮಾಡಲಾಯಿತು. ಎಂಜಿನ್ನುಗಳೊಳಕ್ಕೆ ಮಣ್ಣು ಮರಳು ಸುರಿದರು. ಚಾಲಕನ ಮುಂದಿನ ಅಳತೆಯ ಉಪಕರಣಗಳನ್ನು ಜಜ್ಜಿದರು. ಒಡಲಿನ ತಗಡನ್ನು ಬಡಿದು ತೂತು ಮಾಡಿದರು. ಯಜಮಾನನೇ ತನ್ನ ಎತ್ತಿನ ಕಾಲು ಮುರಿದು ಹೋದಂತಾಯಿತು. ಅವು ಇನ್ನು ಗುಜರಿಯವನ ತಕ್ಕಡಿಗಲ್ಲದೆ ಬೇರಾವುದಕ್ಕೂ ಬಾರವೆಂದು ನಂಬಿ ಬ್ರಿಟಿಷರು ತಮ್ಮ ದಾರಿ ಹಿಡಿದರು. ಕಾನ್ಪುರದ ಬಿಸಿಲು, ಮಳೆ, ಧೂಳುಗಳಲ್ಲಿ ಆ ವಿಮಾನಗಳು ಕಾಲ ಕಳೆಯತೊಡಗಿದವು.

ಅಷ್ಟರಲ್ಲಿ ದೇಶ ಸ್ವತಂತ್ರವಾಯಿತು. ಅದರ ಬೆನ್ನಿಗೇ ಕಾಶ್ಮೀರದಲ್ಲಿ ಯುದ್ಧ ಮೊದಲಾಯಿತು. ಭಾರತದ ವಾಯುಪಡೆಯಲ್ಲಿ ಒಂದೇ ಒಂದು ಭಾರೀ ಬಾಂಬರ್ ಇರಲಿಲ್ಲ. ಸಾಮಾನು ಸಾಗಿಸುವ ಡಕೋಟ ವಿಮಾನಗಳ ಬಾಗಿಲಿನಿಂದ ಬಾಂಬುಗಳನ್ನು ಕೈಯಿಂದಲೇ ಹೊರಕ್ಕೆ ಉರುಳಿಸಬೇಕಾದ ಸ್ಥಿತಿ. ಹೊಸ ಬಾಂಬರುಗಳನ್ನು ಕೊಳ್ಳೋಣವೆಂದರೆ ವಿದೇಶೀ ವಿನಿಮಯದ ಅಭಾವ. ಆಗ ಅಧಿಕಾರಿಗಳ ದೃಷ್ಟಿ ಕಾನ್ಪುರದ ಬಯಲಿನ ಕಡೆಗೆ ಹೊರಳಿತು. ಇವನ್ನು ಹಾರಿಸಬಹುದೇ ಎಂಬ ಪ್ರಶ್ನೆ ಬಂದದ್ದು ಬೆಂಗಳೂರಿಗೆ.

ಬೆಳ್ಳಂದೂರು ಕೆರೆಯ ಪಾಠ

ಬೆಂಗಳೂರಿನ ವಿಮಾನ ಕಾರ್ಖಾನೆ ಹುಟ್ಟಿದ್ದೇ ಒಂದು ಆಕಸ್ಮಿಕ ಭೇಟಿಯಿಂದ. 1939ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ವಿಮಾನ ಪ್ರಯಾಣದಲ್ಲಿದ್ದಾಗ ವಿಲಿಯಂ ಪಾಲಿ ಎಂಬ ಅಮೆರಿಕದ ವಿಮಾನ ವ್ಯಾಪಾರಿಯ ಪರಿಚಯವಾಯಿತು. ಆ ಮಾತುಕತೆಯಿಂದ ಮೊಳೆತ ಯೋಜನೆಗೆ ಮೈಸೂರು ಸಂಸ್ಥಾನ ಕೈಗೊಟ್ಟು 700 ಎಕರೆ ನೆಲವನ್ನು ಉಚಿತವಾಗಿ ನೀಡಿತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ 1940ರ ಡಿಸೆಂಬರ್ 23ರಂದು ನೋಂದಣಿಯಾಯಿತು. ದೊಮ್ಮಲೂರು ರಸ್ತೆಯ ‘ಈವನ್‌ಟೈಡ್’ ಎಂಬ ಬಂಗಲೆಯೇ ಅದರ ಮೊದಲ ಕಚೇರಿ.

ಜಪಾನೀಯರು ಬರ್ಮಾದವರೆಗೆ ಬಂದಾಗ ಹೊಸ ವಿಮಾನ ಕಟ್ಟುವುದಕ್ಕಿಂತ ಇದ್ದವನ್ನು ರಿಪೇರಿ ಮಾಡುವ ತುರ್ತು ಹೆಚ್ಚಾಯಿತು. 1942ರಲ್ಲಿ ಭಾರತ ಸರ್ಕಾರವೂ 1943ರಲ್ಲಿ ಅಮೆರಿಕದ ವಾಯುಸೇನೆಯೂ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡವು. ಅಂದಿನಿಂದ ಯುದ್ಧ ಮುಗಿಯುವವರೆಗೆ ಅದು ಪೂರ್ವದೇಶಗಳಲ್ಲಿ ಹಾರುತ್ತಿದ್ದ ವಿಮಾನಗಳ ದೊಡ್ಡ ಆಸ್ಪತ್ರೆಯಾಗಿದ್ದಿತು. ನೀರಿನ ಮೇಲೂ ಇಳಿಯಬಲ್ಲ ಕ್ಯಾಟಲೀನ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಅವನ್ನು ದಡಕ್ಕೆ ಎಳೆದು ಕಾರ್ಖಾನೆಗೆ ಒಯ್ದು, ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಕಳಿಸುತ್ತಿದ್ದರು. ಡಕೋಟಗಳೂ ಹಾಗೆಯೇ ಬಂದು ಹೋಗುತ್ತಿದ್ದವು.

ಈ ಅಭ್ಯಾಸದ ಬೆಲೆ ತಿಳಿದದ್ದು ಲಿಬರೇಟರಿನ ಪ್ರಶ್ನೆ ಬಂದಾಗ. ಕ್ಯಾಟಲೀನವನ್ನು ಕಟ್ಟಿದವರೂ ಲಿಬರೇಟರನ್ನು ಕಟ್ಟಿದವರೂ ಒಂದೇ ಕಂಪನಿ; ಕಟ್ಟುವ ಪದ್ಧತಿಯಲ್ಲಿ ಒಂದೇ ಮನೆತನದ ಚಹರೆ. ಇನ್ನು ಎಂಜಿನ್ನು: ಕ್ಯಾಟಲೀನ, ಡಕೋಟ, ಲಿಬರೇಟರ್ ಮೂರಕ್ಕೂ ಜೀವ ಕೊಟ್ಟದ್ದು ಪ್ರಾಟ್ ಅಂಡ್ ವಿಟ್ನಿ ಕಂಪನಿಯ ‘ಟ್ವಿನ್ ವಾಸ್ಪ್’ ಎಂಬ ಒಂದೇ ಜಾತಿಯ ಎಂಜಿನ್ನು. ಲಿಬರೇಟರಿನಲ್ಲಿ ಎತ್ತರದ ತೆಳುಗಾಳಿಗಾಗಿ ಸೇರಿಸಿದ ಟರ್ಬೊ ಯಂತ್ರ ಬೇರೆ, ನಾಲ್ಕು ಎಂಜಿನ್ನುಗಳ ತೊಡಕು ಬೇರೆ ಎಂಬುದು ನಿಜ. ಆದರೂ ಅದರ ಹೃದಯ ಬೆಂಗಳೂರಿನ ಫಿಟ್ಟರುಗಳಿಗೆ ಹೊಸದಲ್ಲ. ನೂರಾರು ಸಲ ಬಿಚ್ಚಿ ಜೋಡಿಸಿದ್ದ ಕೈಗಳಿಗೆ, ಯಾವ ಸಿಲಿಂಡರಿನಲ್ಲಿ ಮರಳು ಹೊಕ್ಕರೆ ಎಲ್ಲಿ ಸವೆತ, ಯಾವ ಭಾಗ ತೊಳೆದರೆ ಸಾಕು, ಯಾವುದನ್ನು ಬದಲಿಸಲೇಬೇಕು ಎಂಬುದು ತಿಳಿದಿದ್ದಿತು.

ಆ ಕಾಲದಲ್ಲಿ ಕಾರ್ಖಾನೆಯ ಸ್ಥಿತಿಯೂ ಅಷ್ಟು ನೆಟ್ಟಗಿರಲಿಲ್ಲ. ಯುದ್ಧ ಮುಗಿದೊಡನೆ ಅಮೆರಿಕದವರು ಹೊರಟುಹೋದರು, ಕೆಲಸವೂ ಬಹುಮಟ್ಟಿಗೆ ನಿಂತಿತು. ಕೈಗೆ ಕೆಲಸ ಬೇಕೆಂದು ವಿಮಾನ ಕಟ್ಟುವವರು ರೈಲಿನ ಬೋಗಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟಿದರು. ‘ಹಾರುವ ಗೂಡ್ಸ್ ಬೋಗಿ’ಯ ರಿಪೇರಿ ನಿಜವಾದ ಬೋಗಿ ಕಟ್ಟುವವರ ಮನೆಗೇ ಬಂದದ್ದು ಒಂದು ವಿನೋದ. ಕೆಲಸಗಾರರಿಗೆ ಅದು ವಿನೋದಕ್ಕಿಂತ ಹೆಚ್ಚಿನದು: ಕಲಿತ ವಿದ್ಯೆ ತುಕ್ಕು ಹಿಡಿಯದೆ ಉಳಿಯುವ ಅವಕಾಶ.

ಮುನ್ಷಿಯವರ ಯಾನಗಳು

ಮೊದಲ ಕಷ್ಟ, ವಿಮಾನಗಳನ್ನು ತರುವುದು. ಕಾನ್ಪುರದಿಂದ ಬೆಂಗಳೂರಿಗೆ ಸುಮಾರು 950 ಮೈಲಿ. 110 ಅಡಿ ಅಗಲದ ರೆಕ್ಕೆಗಳ ವಿಮಾನವನ್ನು ಲಾರಿಯಲ್ಲಾಗಲಿ ರೈಲಿನಲ್ಲಾಗಲಿ ತುಂಡು ಮಾಡದೆ ತರುವಂತಿಲ್ಲ. ಆದ್ದರಿಂದ ಸಾಯುವಂತೆ ಒಡೆದ ವಿಮಾನವನ್ನು ಅಲ್ಲಿಯೇ ಒಂದು ಸಲ ಹಾರುವಷ್ಟು ಮಾತ್ರ ದುರಸ್ತಿ ಮಾಡಿ, ಹಾರಿಸಿಕೊಂಡೇ ತರಬೇಕೆಂದು ನಿಶ್ಚಯವಾಯಿತು.

ಬೆಂಗಳೂರಿನಿಂದ ಹೋದ ಕೆಲಸಗಾರರು ಬಯಲಿನಲ್ಲಿ ನಿಂತ ವಿಮಾನಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಒಂದರ ರೆಕ್ಕೆ ಚೆನ್ನಾಗಿದ್ದರೆ ಮತ್ತೊಂದರ ಬಾಲ. ಒಂದರ ಎಂಜಿನ್ನು ಉಳಿದಿದ್ದರೆ ಮತ್ತೊಂದರ ಚಕ್ರ. ತೀರ ಹಾಳಾದವುಗಳ ಅಂಗಗಳನ್ನು ಕಳಚಿ ಉಳಿಸಬಹುದಾದವುಗಳಿಗೆ ತೊಡಿಸಿದರು. ತೂತುಗಳಿಗೆ ತಗಡಿನ ತೇಪೆ ಹಾಕಿ ರಿವೆಟ್ ಬಡಿದರು. ಹೊಸ ಬಿಡಿಭಾಗ ಬೇಕೆಂದು ಬರೆದು ತರಿಸಿಕೊಳ್ಳುವಂತಿರಲಿಲ್ಲ. ಅಮೆರಿಕದಲ್ಲಿ ಲಿಬರೇಟರಿನ ತಯಾರಿಕೆ 1945ರಲ್ಲಿಯೇ ನಿಂತುಹೋಗಿತ್ತು.

ಹೀಗೆ ತೇಪೆ ಹಾಕಿದ ವಿಮಾನಗಳನ್ನು ಹಾರಿಸಿ ತರುವ ಹೊಣೆ ಕಾರ್ಖಾನೆಯ ಮುಖ್ಯ ಪರೀಕ್ಷಾ ವೈಮಾನಿಕರಾಗಿದ್ದ ಕ್ಯಾಪ್ಟನ್ ಜಮ್‌ಷೇದ್ ಕೈಕೋಬಾದ್ ಮುನ್ಷಿಯವರದು. ಪರೀಕ್ಷಾ ವೈಮಾನಿಕನ ಕೆಲಸವೇ ಅಪಾಯದ್ದು. ಆದರೆ ಹೊಸ ವಿಮಾನವನ್ನು ಪರೀಕ್ಷಿಸುವವನಿಗೆ ಅದನ್ನು ಹಾರಲೆಂದೇ ಕಟ್ಟಿದ್ದಾರೆಂಬ ಭರವಸೆಯಾದರೂ ಇರುತ್ತದೆ. ಮುನ್ಷಿಯವರ ಕೈಗೆ ಬಂದದ್ದು ಹಾರಬಾರದೆಂದೇ ಕೆಡಿಸಿದ ಯಂತ್ರ. ಕೆಡಿಸಿದವರು ಎಲ್ಲೆಲ್ಲಿ ಕೈ ಹಾಕಿದ್ದರೆಂಬುದು ಯಾವ ಕಾಗದದಲ್ಲಿಯೂ ಬರೆದಿರಲಿಲ್ಲ. ತೊಳೆದರೂ ಮೂಲೆಯಲ್ಲೆಲ್ಲೋ ಉಳಿದ ಒಂದು ಹಿಡಿ ಮರಳು ವಿಂಧ್ಯದ ಕಾಡಿನ ಮೇಲೆ ಎಂಜಿನ್ನನ್ನು ನಿಲ್ಲಿಸಬಹುದು. ಕಣ್ಣಿಗೆ ಕಾಣದ ಒಂದು ಬಿರುಕು ಇಳಿಯುವ ಹೊತ್ತಿಗೆ ಬಾಯಿ ಬಿಡಬಹುದು. ಅಂಥ ಪ್ರಯಾಣವನ್ನು ಒಮ್ಮೆ ಮಾಡಿದವನನ್ನು ಸಾಹಸಿ ಎನ್ನಬಹುದು. ಮುನ್ಷಿಯವರು ಮತ್ತೆ ಮತ್ತೆ ಕಾನ್ಪುರಕ್ಕೆ ಹೋಗಿ, ಒಂದಾದ ಮೇಲೊಂದು ವಿಮಾನವನ್ನು ಬೆಂಗಳೂರಿನ ಓಡುದಾರಿಗೆ ಇಳಿಸಿದರು. ಮುಂದೆ 1951ರ ಆಗಸ್ಟಿನಲ್ಲಿ ಭಾರತದಲ್ಲಿಯೇ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದವರೂ ಅವರೇ.

ಬೆಂಗಳೂರಿಗೆ ಬಂದ ಮೇಲೆ ನಿಜವಾದ ಚಿಕಿತ್ಸೆ ಮೊದಲಾಯಿತು. ವಿಮಾನವನ್ನು ಬಿಚ್ಚಿ, ಎಂಜಿನ್ನುಗಳನ್ನು ಇಳಿಸಿ, ತಂತಿ, ಕೊಳವೆ, ಉಪಕರಣಗಳನ್ನೆಲ್ಲ ಪರೀಕ್ಷಿಸಿ ಪುನಃ ಜೋಡಿಸಿದರು. 1948ರ ನವೆಂಬರ್ 2ರಂದು ವಾಯುಪಡೆಯ 5ನೆಯ ಸ್ಕ್ವಾಡ್ರನ್ ಈ ಲಿಬರೇಟರುಗಳೊಂದಿಗೆ ರಚಿತವಾಯಿತು. ಸ್ವತಂತ್ರ ಭಾರತದ ಮೊದಲನೆಯ ಭಾರೀ ಬಾಂಬರ್ ದಳವದು. ಅದರ ಮೊದಲ ನೆಲೆ ಕಾನ್ಪುರ. ಯಾವ ಬಯಲಿನಲ್ಲಿ ವಿಮಾನಗಳನ್ನು ಕೊಂದಿದ್ದರೋ ಅದೇ ಬಯಲಿಗೆ ಅವು ಭಾರತದ ಗುರುತನ್ನು ಮೈಮೇಲೆ ಧರಿಸಿ ಮರಳಿ ಬಂದು ಇಳಿದವು.

ಇಪ್ಪತ್ತು ವರ್ಷದ ಸೇವೆ

ತೇಪೆ ಹಾಕಿದ ಸೀರೆ ಎಷ್ಟು ದಿನ ಬಾಳೀತು ಎಂದು ಅನುಮಾನಿಸುವುದು ಸಹಜ. ಈ ವಿಮಾನಗಳು ಇಪ್ಪತ್ತು ವರ್ಷ ಬಾಳಿದವು.

1951ರಲ್ಲಿ ಪೂನಾದಲ್ಲಿ 6ನೆಯ ಸ್ಕ್ವಾಡ್ರನ್ ಕೂಡ ಲಿಬರೇಟರುಗಳನ್ನು ಪಡೆಯಿತು. ಇದರ ಕೆಲಸ ಸಮುದ್ರದ ಕಾವಲು. ಗಂಟೆಗಟ್ಟಲೆ ಇಳಿಯದೆ ಹಾರಬಲ್ಲ ವಿಮಾನಕ್ಕೆ ಉದ್ದ ಕರಾವಳಿಯ ದೇಶದಲ್ಲಿ ಇದಕ್ಕಿಂತ ತಕ್ಕ ಉದ್ಯೋಗವಿಲ್ಲ. 1957ರಲ್ಲಿ 5ನೆಯ ಸ್ಕ್ವಾಡ್ರನ್ನಿಗೆ ಹೊಸ ಕ್ಯಾನ್‌ಬೆರ ಜೆಟ್ ಬಾಂಬರುಗಳು ಬಂದಾಗಲೂ ಕಡಲಿನ ಮೇಲೆ ಲಿಬರೇಟರುಗಳ ಗಸ್ತು ನಿಲ್ಲಲಿಲ್ಲ.

ಈ ಅವಧಿಯಲ್ಲಿ ಜಗತ್ತಿನ ಉಳಿದೆಲ್ಲ ದೇಶಗಳ ಸೇನೆಗಳು ಲಿಬರೇಟರಿಗೆ ವಿದಾಯ ಹೇಳಿದ್ದವು. 1968ರ ಕೊನೆಯಲ್ಲಿ ಭಾರತೀಯ ವಾಯುಪಡೆ ಅವುಗಳಿಗೆ ನಿವೃತ್ತಿ ಕೊಟ್ಟಾಗ, ಸೈನ್ಯಸೇವೆಯಲ್ಲಿದ್ದ ಲೋಕದ ಕೊನೆಯ ಲಿಬರೇಟರುಗಳು ನಿವೃತ್ತವಾದವು. 18,000 ಒಡಹುಟ್ಟುಗಳಲ್ಲಿ ದೀರ್ಘಾಯುಷ್ಯ ಲಭಿಸಿದ್ದು, ಯಾವುವನ್ನು ಬೇಕೆಂದೇ ಕೊಂದಿದ್ದರೋ ಅವಕ್ಕೆ.

ಕೇಳಿ ಬಂದವರು

ಅಷ್ಟು ಹೊತ್ತಿಗೆ ಪಶ್ಚಿಮದ ದೇಶಗಳಲ್ಲಿ ಯುದ್ಧದ ನೆನಪು ಚರಿತ್ರೆಯಾಗಿತ್ತು. ತಮ್ಮ ಮಕ್ಕಳು ಯಾವ ವಿಮಾನದಲ್ಲಿ ಹಾರಿ ಸತ್ತರೆಂಬುದನ್ನು ಮೊಮ್ಮಕ್ಕಳಿಗೆ ತೋರಿಸಬೇಕೆಂದು ವಸ್ತುಸಂಗ್ರಹಾಲಯಗಳು ಹುಡುಕತೊಡಗಿದವು. ಹುಡುಕಿದರೆ ತಮ್ಮ ನೆಲದಲ್ಲಿ ಲಿಬರೇಟರುಗಳು ಬೆರಳೆಣಿಕೆಗೂ ಸಾಲವು; ಅವು ಎಂದೋ ಅಲ್ಯೂಮಿನಿಯಂ ಗಟ್ಟಿಗಳಾಗಿದ್ದವು. ಹಾರುವ ಸ್ಥಿತಿಯಲ್ಲಿ ಸಾಲಾಗಿ ನಿಂತಿದ್ದದ್ದು ಭಾರತದಲ್ಲಿ.

1968ರಲ್ಲಿ ಒಂದು ಲಿಬರೇಟರು ಕೆನಡಕ್ಕೆ ಹೋಯಿತು. ಅದು ಇಂದು ಒಟ್ಟಾವ ನಗರದ ವಿಮಾನ ಸಂಗ್ರಹಾಲಯದಲ್ಲಿದೆ. ಕೆನಡದವರು ಅದಕ್ಕೆ ಬದಲಾಗಿ, ಭಾರತೀಯ ವಾಯುಪಡೆ ಎರಡನೆಯ ಮಹಾಯುದ್ಧದಲ್ಲಿ ಬಳಸಿದ್ದ ಲೈಸ್ಯಾಂಡರ್ ಜಾತಿಯ ವಿಮಾನವೊಂದನ್ನು ಭಾರತಕ್ಕೆ ಕೊಟ್ಟರು. 1969ರಲ್ಲಿ ಮತ್ತೊಂದು ಲಿಬರೇಟರು ಪೂನಾದಿಂದ ಹೊರಟು ಅಮೆರಿಕದ ಅರಿಜೋನದಲ್ಲಿರುವ ಟೂಸಾನ್ ನಗರಕ್ಕೆ ಹಾರಿಹೋಗಿ ಅಲ್ಲಿನ ಪೀಮ ಸಂಗ್ರಹಾಲಯವನ್ನು ಸೇರಿತು. ಕಿಂಗ್‌ಮನ್ನಿನ ಕುಲುಮೆಗಳು ಉರಿದದ್ದೂ ಇದೇ ಅರಿಜೋನದಲ್ಲಿ. ಸಾವಿರಾರು ವಿಮಾನಗಳನ್ನು ಕರಗಿಸಿದ ಪ್ರಾಂತ್ಯಕ್ಕೆ, ಬೆಂಗಳೂರಿನಲ್ಲಿ ಮರುಜೀವ ಪಡೆದ ಒಂದು ವಿಮಾನ ಭೂಮಿಯ ಅರ್ಧ ಸುತ್ತು ಹಾರಿ ನೆನಪಿನ ಕಾಣಿಕೆಯಾಗಿ ಬಂದಿತು.

1974ರಲ್ಲಿ ಬ್ರಿಟನ್ನಿನ ಸರದಿ. ರಾಯಲ್ ಏರ್ ಫೋರ್ಸಿನ ಸಂಗ್ರಹಾಲಯಕ್ಕೆ ಭಾರತೀಯ ವಾಯುಪಡೆ ಒಂದು ಲಿಬರೇಟರನ್ನು ಉಡುಗೊರೆಯಾಗಿ ಕೊಟ್ಟಿತು. ಅದು 1945ರಲ್ಲಿ ಹಿಂದೂ ಮಹಾಸಾಗರದ ಕೊಕೊಸ್ ದ್ವೀಪಗಳಿಂದ ಬ್ರಿಟಿಷರದೇ 99ನೆಯ ಸ್ಕ್ವಾಡ್ರನ್ನಿನಲ್ಲಿ ಹಾರಿದ್ದ ವಿಮಾನ. ಮಾಲೀಕರು ಒಡೆದು ಬಿಸುಟ ವಸ್ತುವನ್ನು ಎತ್ತಿ, ದುರಸ್ತಿ ಮಾಡಿ, ಇಪ್ಪತ್ತು ವರ್ಷ ಬಳಸಿ, ಆಮೇಲೆ ಅದೇ ಮಾಲೀಕರಿಗೆ ಉಡುಗೊರೆಯಾಗಿ ಕೊಟ್ಟ ನಿದರ್ಶನ ಚರಿತ್ರೆಯಲ್ಲಿ ಹೆಚ್ಚು ಸಿಗದು.

ಇನ್ನೊಂದು ಲಿಬರೇಟರು ನಿವೃತ್ತಿಯ ಬಳಿಕ ಎರಡನೆಯ ಸಲ ಅನಾಥವಾಗಿ ಭಾರತದಲ್ಲಿ ಬಿದ್ದಿದ್ದಿತು. 1981ರಲ್ಲಿ ಇಂಗ್ಲೆಂಡಿನ ಸಂಗ್ರಾಹಕರೊಬ್ಬರು ಅದನ್ನು ಕೊಂಡರು. 1984ರಲ್ಲಿ ಅದು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಕೈ ಸೇರಿತು. ಐದು ವರ್ಷಗಳ ದುಡಿಮೆಯ ಮೇಲೆ 1989ರಲ್ಲಿ ಅದು ಮತ್ತೆ ಹಾರಿ, ಮುಂದೆ ಬಹುಕಾಲ ಅಮೆರಿಕದ ಊರೂರುಗಳ ಜನರಿಗೆ ದರ್ಶನ ಕೊಟ್ಟಿತು. ಫ್ಲೋರಿಡಾದ ಖಾಸಗಿ ಸಂಗ್ರಹವೊಂದರಲ್ಲಿಯೂ ಭಾರತದಿಂದ ಹೋದ ಒಂದು ಲಿಬರೇಟರಿದೆ. ಭಾರತದಲ್ಲಿಯೇ ಉಳಿದ ಒಂದನ್ನು ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ ನೋಡಬಹುದು. ಅದರ ಸಂಖ್ಯೆ ಎಚ್‌ಇ 924. ಜಗತ್ತಿನಲ್ಲಿ ಇಂದು ಇಡಿಯಾಗಿ ಉಳಿದಿರುವ ಲಿಬರೇಟರುಗಳು ಹನ್ನೆರಡರ ಆಸುಪಾಸು. ಅವುಗಳಲ್ಲಿ ಸುಮಾರು ಅರ್ಧದಷ್ಟು ಕಾನ್ಪುರದ ಆ ಬಯಲಿನಿಂದ ಎದ್ದುಬಂದವು.

ಉಳಿಸಿದ ಕೈಗಳು

ಮರಳುಗಾಡು ಒಂದು ವಿಮಾನವನ್ನು ಕೆಡದಂತೆ ಇಟ್ಟಿತು. ಅದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ. ಕಾಡು ಒಂದನ್ನು ನುಂಗಿ, ಅರುವತ್ತು ವರ್ಷದ ಮೇಲೆ ನಾಲ್ಕು ಚೂರುಗಳನ್ನೂ ಹಿಡಿಯಷ್ಟು ಅಸ್ಥಿಗಳನ್ನೂ ಹಿಂದಕ್ಕೆ ಕೊಟ್ಟಿತು. ಸಿರಿವಂತ ದೇಶದ ಕುಲುಮೆ ಸಾವಿರಾರನ್ನು ಕರಗಿಸಿ ಗಟ್ಟಿ ಮಾಡಿತು. ಲೋಹ ಎಲ್ಲ ಕಡೆಯೂ ಒಂದೇ. ಅದು ಯಾರ ಕೈಗೆ ಬಿದ್ದಿತೆಂಬುದೇ ಅದರ ಹಣೆಬರಹ.

ಬೆಂಗಳೂರಿನಲ್ಲಿ ಅದು ಬಿದ್ದದ್ದು, ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ, ಹಳೆಯದನ್ನು ಎಸೆಯುವ ಮನಸ್ಸಿಲ್ಲದ ಜನರ ಕೈಗೆ. ಕೊಡೆಯ ಕಡ್ಡಿ ಮುರಿದರೆ ಕಟ್ಟಿಸುವ, ಪಾತ್ರೆ ಸವೆದರೆ ಕಲಾಯಿ ಹಾಕಿಸುವ, ಅಣ್ಣನ ಅಂಗಿಯನ್ನು ತಮ್ಮನಿಗೆ ಹೊಲಿಸಿಕೊಡುವ ಮನೆಗಳಿಂದ ಬಂದವರು ಅವರು. ಆ ಮನೆಯ ಗುಣವೇ ಕಾರ್ಖಾನೆಯಲ್ಲಿ ಯಂತ್ರವಿದ್ಯೆಯೊಡನೆ ಸೇರಿದಾಗ ಹೊಸ ದೇಶಕ್ಕೆ ಒಂದು ಬಾಂಬರ್ ದಳ ದೊರೆಯಿತು. ಮುನ್ಷಿಯವರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ತಗಡಿಗೆ ತೇಪೆ ಹಾಕಿದವರ, ಸಿಲಿಂಡರಿನ ಮರಳನ್ನು ತೊಳೆದವರ ಹೆಸರುಗಳು ಯಾವ ಸಂಗ್ರಹಾಲಯದ ಫಲಕದಲ್ಲಿಯೂ ಇಲ್ಲ. ಅವರು ಬಡಿದ ರಿವೆಟ್ಟುಗಳು ಮಾತ್ರ ಒಟ್ಟಾವದಲ್ಲಿ, ಟೂಸಾನಿನಲ್ಲಿ, ಬ್ರಿಟನ್ನಿನಲ್ಲಿ, ಪಾಲಂನಲ್ಲಿ ಇಂದಿಗೂ ತಮ್ಮ ತಮ್ಮ ಸ್ಥಾನದಲ್ಲಿ ಭದ್ರವಾಗಿ ಕುಳಿತಿವೆ.